ಬೆನ್ನ ಮೇಲೊಂದು ಜೆಟ್: ಪಾಲಂನ ಬಯಲಿನಲ್ಲಿ ನಿಂತ ಪ್ಯಾಕೆಟ್

ದೆಹಲಿಯ ಪಾಲಂನಲ್ಲಿರುವ ಭಾರತೀಯ ವಾಯುಪಡೆಯ ವಸ್ತುಸಂಗ್ರಹಾಲಯಕ್ಕೆ ನಾನು ಇದುವರೆಗೆ ಮೂರು ಸಲ ಹೋಗಿದ್ದೇನೆ. ಮೊದಲ ಎರಡು ಸಲ ಎಲ್ಲರಂತೆ ನೇರವಾಗಿ ಹ್ಯಾಂಗರಿಗೆ ನುಗ್ಗಿ, ವಾಪಿಟಿ, ಲೈಸಾಂಡರ್, ಸ್ಪಿಟ್‌ಫೈರ್, ಹರಿಕೇನ್‌ಗಳ ಸುತ್ತ ಸುಳಿದಾಡಿ, ಕಾಲು ಸೋತ ಮೇಲೆ ಹೊರಬಂದು, ಬಯಲಿನಲ್ಲಿ ನಿಲ್ಲಿಸಿರುವ ದೊಡ್ಡ ವಿಮಾನಗಳ ಕಡೆ ಒಂದು ನೋಟ ಬೀರಿ ಮನೆಗೆ ಮರಳಿದ್ದೆ. ಮೂರನೆಯ ಸಲ ಹೋದದ್ದು ಮಾತ್ರ ಆ ಬಯಲಿನಲ್ಲಿರುವ ಒಂದೇ ಒಂದು ವಿಮಾನಕ್ಕಾಗಿ. ಅದು ಫೇರ್‌ಚೈಲ್ಡ್ ಸಿ-119, ವಾಯುಪಡೆಯವರ ಬಾಯಲ್ಲಿ ಬರೀ ‘ಪ್ಯಾಕೆಟ್’.

ಹಾಗೆ ಹೋಗುವಂತೆ ಮಾಡಿದವರು ನಮ್ಮ ಅಪ್ಪ. ಎರಡನೆಯ ಭೇಟಿಯ ಚಿತ್ರಗಳನ್ನು ಬೆಂಗಳೂರಿನ ಮನೆಯಲ್ಲಿ ಅವರಿಗೆ ತೋರಿಸುತ್ತಿದ್ದೆ. ಯುದ್ಧವಿಮಾನಗಳ ಚಿತ್ರಗಳನ್ನೆಲ್ಲ ಅವರು ಪಂಚಾಂಗದ ಹಾಳೆ ಮಗುಚಿದಂತೆ ಸರಸರನೆ ದಾಟಿಸಿಬಿಟ್ಟರು. ನನ್ನ ಮಗಳು ಐಸ್‌ಕ್ರೀಂ ತಿನ್ನುತ್ತ ನಿಂತಿದ್ದ ಒಂದು ಚಿತ್ರ ಬಂದಾಗ ಮಾತ್ರ ಬೆರಳು ನಿಂತಿತು. ಮೊಮ್ಮಗಳನ್ನು ನೋಡುತ್ತಿದ್ದಾರೆಂದುಕೊಂಡೆ. ಅವರು ಅವಳ ತಲೆಯ ಹಿಂದೆ ಮಸುಕಾಗಿ ಕಾಣುತ್ತಿದ್ದ ಎರಡು ಬಾಲದ ವಿಮಾನವನ್ನು ದೊಡ್ಡದು ಮಾಡಿ ನೋಡುತ್ತಿದ್ದರು. “ಇದರ ಬೆನ್ನ ಮೇಲೆ ಏನಿದೆ ನೋಡಿದ್ಯೇನೋ?” ಎಂದು ಕೇಳಿದರು. ನಾನು ನೋಡಿರಲಿಲ್ಲ. “ಎರಡು ಸಲ ಹೋಗಿ ಬಂದಿದೀಯ, ನೋಡ್ಬೇಕಾದ್ದನ್ನೇ ನೋಡಿಲ್ಲ” ಎಂದು ಫೋನನ್ನು ನನ್ನ ಕೈಗೆ ಹಿಂತಿರುಗಿಸಿದರು. ಎಚ್‌ಎಎಲ್‌ನ ಎಂಜಿನ್ ವಿಭಾಗದಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಫಿಟ್ಟರ್ ಆಗಿದ್ದವರ ಮುಂದೆ ಇಂಥ ಅಜ್ಞಾನಕ್ಕೆ ಕ್ಷಮೆಯಿಲ್ಲ.

ಆದ್ದರಿಂದ ಮೂರನೆಯ ಸಲ, ಚಳಿಗಾಲದ ಒಂದು ಭಾನುವಾರ ಬೆಳಿಗ್ಗೆ, ಹ್ಯಾಂಗರಿನ ಬಾಗಿಲನ್ನು ದಾಟಿ ನೇರವಾಗಿ ಬಯಲಿಗೆ ಹೋದೆ. ಮಂಜು ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಪ್ಯಾಕೆಟ್ಟಿನ ಹೊಟ್ಟೆಯ ತಗಡಿನ ಮೇಲೆ ಇಬ್ಬನಿ ಸಾಲುಗಟ್ಟಿ, ರಿವೆಟ್ಟಿನ ಪ್ರತಿಯೊಂದು ತಲೆಯ ಕೆಳಗೂ ಒಂದೊಂದು ಹನಿ ನೇತಾಡುತ್ತಿತ್ತು. ಮೂಗಿನ ಗಾಲಿಯ ಬಳಿ ನಿಂತು ಮೇಲೆ ನೋಡಿದರೆ ಮೊದಲ ಅನಿಸಿಕೆ ಒಂದೇ: ಇದನ್ನು ಯಾರೋ ವಿಮಾನವನ್ನೇ ಕಾಣದವರು ಮಾಡಿರಬೇಕು. ನಡುವೆ ಗೂಡ್ಸ್ ರೈಲಿನ ಡಬ್ಬಿಯಂಥ ಚೌಕಾಕಾರದ ಒಡಲು, ಎರಡು ಪಕ್ಕದಲ್ಲಿ ಎರಡು ದೈತ್ಯ ಎಂಜಿನ್‌ಗಳು, ಆ ಎಂಜಿನ್‌ಗಳ ಹಿಂದಿನಿಂದಲೇ ಹೊರಟು ಬಾಲದವರೆಗೆ ಚಾಚಿದ ಎರಡು ಉದ್ದನೆಯ ತೊಲೆಗಳು, ತೊಲೆಗಳ ತುದಿಯಲ್ಲಿ ಎರಡು ಬಾಲಗಳು, ಅವೆರಡನ್ನೂ ಕೂಡಿಸುವ ಅಡ್ಡಪಟ್ಟಿ. ಗಾಡಿಯ ಎರಡು ಮೂಕಿಗಳ ನಡುವೆ ಎತ್ತನ್ನು ಕಟ್ಟುವ ಬದಲು ಗಾಡಿಯ ಪೆಟ್ಟಿಗೆಯನ್ನೇ ಕಟ್ಟಿದಂತೆ ಕಾಣುತ್ತದೆ. ರೆಕ್ಕೆಯೂ ನೆಟ್ಟಗಿಲ್ಲ, ಒಡಲಿನಿಂದ ಹೊರಟು ಎಂಜಿನ್ ತನಕ ಕೆಳಕ್ಕೆ ಬಾಗಿ, ಅಲ್ಲಿಂದಾಚೆಗೆ ಮತ್ತೆ ತಲೆಯೆತ್ತುತ್ತದೆ.

ಆದರೆ ಅರ್ಧ ಗಂಟೆ ಅದರ ಸುತ್ತ ನಡೆದರೆ ಈ ಕುರೂಪದಲ್ಲಿ ಒಂದೂ ಸುಮ್ಮನೆ ಬಂದದ್ದಲ್ಲ ಎಂಬುದು ಗೊತ್ತಾಗುತ್ತದೆ. ಒಡಲನ್ನು ಬಾಲದಿಂದ ಬಿಡಿಸಿದ್ದರಿಂದ ಅದರ ಹಿಂಭಾಗವನ್ನು ಪೂರ್ತಿಯಾಗಿ ತೆರೆಯಲು ಸಾಧ್ಯವಾಯಿತು. ಚಿಪ್ಪಿನ ಹಾಗೆ ಎಡಕ್ಕೂ ಬಲಕ್ಕೂ ತೆರೆದುಕೊಳ್ಳುವ ಎರಡು ದೊಡ್ಡ ಬಾಗಿಲುಗಳನ್ನು ಸರಿಸಿದರೆ, ಲಾರಿಯನ್ನು ಹಿಮ್ಮುಖವಾಗಿ ತಂದು ಒಡಲಿಗೆ ಆನಿಸಿ ನಿಲ್ಲಿಸಬಹುದು, ಏಕೆಂದರೆ ವಿಮಾನದ ನೆಲ ಲಾರಿಯ ನೆಲದಷ್ಟೇ ಎತ್ತರಕ್ಕಿದೆ. ರೆಕ್ಕೆ ಕೆಳಕ್ಕೆ ಬಾಗಿರುವುದರಿಂದ ಗಾಲಿಯ ಕಾಲುಗಳು ಗಿಡ್ಡವಾಗಿ, ಗಟ್ಟಿಯಾಗಿ ಉಳಿದವು. ಕಚ್ಚಾ ನೆಲದಲ್ಲಿ ಇಳಿಯುವ ವಿಮಾನಕ್ಕೆ ಇದಕ್ಕಿಂತ ಬೇಕಾದದ್ದೇನು? ಡಕೋಟಾ ವಿಮಾನಕ್ಕೆ ಸರಕು ತುಂಬುವ ಕೆಲಸವನ್ನು ನೆನೆಸಿಕೊಂಡರೆ ಇದರ ಬೆಲೆ ಅರಿವಾಗುತ್ತದೆ: ಅದು ಬಾಲದ ಗಾಲಿಯ ಮೇಲೆ ಕುಳಿತಿರುವ ವಿಮಾನವಾದ್ದರಿಂದ ಅದರೊಳಗಿನ ನೆಲ ಇಳಿಜಾರು, ಬಾಗಿಲು ಪಕ್ಕದಲ್ಲಿ, ಮೂಟೆಯನ್ನು ಒಳಗೆ ತಂದು ತಿರುಗಿಸಿ ಏರಿನ ಮೇಲೆ ತಳ್ಳಬೇಕು. ಪ್ಯಾಕೆಟ್ಟನ್ನು ಕಲ್ಪಿಸಿದವರು ಮೊದಲು ಸರಕಿನ ಪೆಟ್ಟಿಗೆಯೊಂದನ್ನು ಬರೆದು, ಆಮೇಲೆ ಅದು ಹಾರಲು ಏನೇನು ಬೇಕೋ ಅದನ್ನು ಸುತ್ತ ಜೋಡಿಸಿದರು ಎಂದೇ ನನಗೆ ತೋರುತ್ತದೆ.

ಇದು ಹುಟ್ಟಿದ್ದು ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಹೇಗರ್ಸ್‌ಟೌನ್‌ನಲ್ಲಿ. ಫೇರ್‌ಚೈಲ್ಡ್ ಕಂಪನಿ 1944ರಲ್ಲಿ ಸಿ-82 ಎಂಬ ಸಾಗಣೆ ವಿಮಾನವನ್ನು ಹಾರಿಸಿತು. ‘ಪ್ಯಾಕೆಟ್’ ಎಂಬುದು ನಿಜವಾಗಿ ಅದರ ಹೆಸರು. ಅದನ್ನು ತಿದ್ದಿ, ಕಾಕ್‌ಪಿಟ್ಟನ್ನು ಮೂಗಿನೊಳಕ್ಕೆ ಇಳಿಸಿ, ಒಡಲನ್ನು ಅಗಲ ಮಾಡಿ, ಹೆಚ್ಚು ಬಲದ ಎಂಜಿನ್ ಕೂಡಿಸಿ 1947ರ ನವೆಂಬರ್‌ನಲ್ಲಿ ಹಾರಿಸಿದ್ದು ಸಿ-119. ಅಮೆರಿಕದವರು ಹೊಸದಕ್ಕೆ ‘ಹಾರುವ ಗೂಡ್ಸ್ ಡಬ್ಬಿ’ ಎಂಬ ಅರ್ಥದ ಹೆಸರಿಟ್ಟರು; ನಮ್ಮ ವಾಯುಪಡೆಯವರು ಹಳೆಯ ಹೆಸರನ್ನೇ ಉಳಿಸಿಕೊಂಡರು. ಹಾಲಿನ ಪ್ಯಾಕೆಟ್ಟು, ಬಿಸ್ಕತ್ತಿನ ಪ್ಯಾಕೆಟ್ಟು ಎನ್ನುವ ನಮ್ಮ ಕಿವಿಗೆ ಈ ಹೆಸರು ಮೊದಲು ನಗು ತರಿಸುತ್ತದೆ, ಆಮೇಲೆ ಒಪ್ಪಿಗೆಯಾಗುತ್ತದೆ. 1955ರವರೆಗೆ ಸುಮಾರು 1,180 ವಿಮಾನಗಳು ತಯಾರಾದವು. ಭಾರತಕ್ಕೆ ಬಂದ ‘ಜಿ’ ಮಾದರಿಯ ರೆಕ್ಕೆಯ ಅಗಲ 109 ಅಡಿ, ಉದ್ದ 86 ಅಡಿ. ಒಳಗೆ 60ಕ್ಕೂ ಹೆಚ್ಚು ಪ್ಯಾರಾಟ್ರೂಪರ್‌ಗಳು ಸಾಲಾಗಿ ಕೂರಬಹುದಿತ್ತು.

ಈ ವಿಮಾನದ ಹೆಸರು ಲೋಕಕ್ಕೆ ತಿಳಿದದ್ದು ಕೊರಿಯಾ ಯುದ್ಧದಲ್ಲಿ. 1950ರ ಡಿಸೆಂಬರ್‌ನಲ್ಲಿ, ಚೋಸಿನ್ ಜಲಾಶಯದ ಬಳಿಯ ಹಿಮದಲ್ಲಿ ಸಿಲುಕಿ ಹಿಂದಕ್ಕೆ ಬರುತ್ತಿದ್ದ ಅಮೆರಿಕದ ಸೈನಿಕರ ದಾರಿಯಲ್ಲಿದ್ದ ಸೇತುವೆಯನ್ನು ಚೀನೀ ಪಡೆ ಒಡೆದುಹಾಕಿತ್ತು. ಒಂದೊಂದೂ ಒಂದು ಟನ್ನಿಗಿಂತ ಹೆಚ್ಚು ತೂಗುವ ಎಂಟು ಸೇತುವೆಯ ತುಂಡುಗಳನ್ನು ಈ ವಿಮಾನಗಳು ದೊಡ್ಡ ಪ್ಯಾರಾಶೂಟ್ ಕಟ್ಟಿ ಆಕಾಶದಿಂದ ಇಳಿಸಿದವು. ಎಲ್ಲವೂ ಸರಿಯಾಗಿ ಕೈಗೆ ಸಿಗಲಿಲ್ಲ, ಆದರೆ ಸಿಕ್ಕಿದ್ದು ಸಾಕಾಯಿತು. ಸೈನಿಕರು ಅದರ ಮೇಲೆಯೇ ಕಣಿವೆ ದಾಟಿ ಕಡಲತೀರಕ್ಕೆ ಇಳಿದರು. ಇನ್ನೊಂದು ಪ್ರಸಂಗವಂತೂ ಕಟ್ಟುಕತೆಯ ಹಾಗಿದೆ. 1960ರ ಆಗಸ್ಟ್ 19ರಂದು, ಕಕ್ಷೆಯಿಂದ ಮರಳಿ ಪ್ಯಾರಾಶೂಟಿನಲ್ಲಿ ಇಳಿಯುತ್ತಿದ್ದ ಒಂದು ಬೇಹುಗಾರಿಕೆ ಉಪಗ್ರಹದ ಫಿಲ್ಮ್ ಡಬ್ಬಿಯನ್ನು, ಹವಾಯಿ ದ್ವೀಪಗಳ ಬಳಿ, ಹಿಂದಿನ ಬಾಗಿಲಿನಿಂದ ಕೊಕ್ಕೆಗಳನ್ನು ಇಳಿಬಿಟ್ಟುಕೊಂಡು ಹಾರುತ್ತಿದ್ದ ಒಂದು ಸಿ-119 ಮೂರನೆಯ ಯತ್ನದಲ್ಲಿ ಗಾಳಿಯಲ್ಲೇ ಹಿಡಿದುಕೊಂಡಿತು. ಕಕ್ಷೆಯಿಂದ ಬಂದ ವಸ್ತುವೊಂದನ್ನು ಆಕಾಶದಲ್ಲೇ ಹಿಡಿದದ್ದು ಅದೇ ಮೊದಲು. ಆ ವಿಮಾನ ಈಗ ಓಹಾಯೊದ ಡೇಟನ್ ನಗರದ ವಾಯುಪಡೆ ವಸ್ತುಸಂಗ್ರಹಾಲಯದಲ್ಲಿದೆ. ಪಾಲಂನಲ್ಲಿ ನಿಂತಿರುವ ಅದರ ಒಡಹುಟ್ಟಿನ ಕತೆ ಬೇರೆ. ಇದು ಹಿಡಿದದ್ದಕ್ಕಿಂತ ಹೊತ್ತು ಹಾಕಿದ್ದೇ ಹೆಚ್ಚು.

ಭಾರತ 1954ರಲ್ಲಿ ಮೊದಲ 26 ಪ್ಯಾಕೆಟ್‌ಗಳನ್ನು ಕೊಂಡಿತು. ಆಗ್ರಾದ 12ನೆಯ ಸ್ಕ್ವಾಡ್ರನ್ ಅವನ್ನು ಮೊದಲು ಹಾರಿಸಿತು. ಮುಂದೆ ಹಂತಹಂತವಾಗಿ ಇನ್ನಷ್ಟು ಬಂದು, ಒಟ್ಟು 79 ಆದವು. ಅದುವರೆಗೆ ವಾಯುಪಡೆಯ ಸಾಗಣೆಯ ಭಾರವೆಲ್ಲ ಡಕೋಟಾಗಳ ಮೇಲಿತ್ತು. ಡಕೋಟಾ ಹೊರುತ್ತಿದ್ದುದರ ಎರಡು ಪಟ್ಟಿಗೂ ಮಿಕ್ಕಿ ಹೊರಬಲ್ಲ ಈ ವಿಮಾನ ಬಂದ ಮೇಲೆ ಗಡಿಯ ಠಾಣೆಗಳಿಗೆ ಏನನ್ನು ಕಳಿಸಬಹುದು ಎಂಬ ಲೆಕ್ಕವೇ ಬದಲಾಯಿತು. ರಸ್ತೆಯಿಲ್ಲದ ಲಡಾಖಿನ ಕಣಿವೆಗಳಿಗೂ, ಈಗಿನ ಅರುಣಾಚಲ ಪ್ರದೇಶವಾಗಿರುವ ಅಂದಿನ ನೇಫಾ ಪ್ರದೇಶದ ಕಾಡುಗುಡ್ಡಗಳಿಗೂ ಅಕ್ಕಿ, ಹಿಟ್ಟು, ಬೇಳೆ, ಸೀಮೆಎಣ್ಣೆ, ಮದ್ದುಗುಂಡು, ಮುಳ್ಳುತಂತಿ ಎಲ್ಲವೂ ಆಕಾಶದಿಂದಲೇ ಬೀಳಬೇಕಾಗಿತ್ತು. ಜೀವಂತ ಆಡುಗಳನ್ನು ಕೂಡ ಪ್ಯಾರಾಶೂಟ್ ಕಟ್ಟಿ ಇಳಿಸುತ್ತಿದ್ದರು. ಅಕ್ಕಿಯಂಥ ಸರಕನ್ನು ಗೋಣಿಯೊಳಗೆ ಗೋಣಿ ಹಾಕಿ ಹೊಲೆದು ಪ್ಯಾರಾಶೂಟ್ ಇಲ್ಲದೆಯೇ ಕೆಡವುವುದೂ ಉಂಟು: ನೆಲಕ್ಕೆ ಬಡಿದಾಗ ಒಳಗಿನ ಚೀಲ ಒಡೆದರೂ ಹೊರಗಿನದು ಕಾಳನ್ನು ಹಿಡಿದಿಟ್ಟುಕೊಳ್ಳುತ್ತದೆ.

ಆದರೆ ಬೀಳಿಸುವುದು ಬೇರೆ, ಇಳಿಯುವುದು ಬೇರೆ. ಎತ್ತರದ ನೆಲದಲ್ಲಿ ವಿಮಾನ ಇಳಿಸುವ ಸಾಹಸಕ್ಕೆ ನಮ್ಮಲ್ಲಿ ಮೊದಲ ಹೆಜ್ಜೆ ಬಿದ್ದದ್ದು 1948ರ ಮೇ 24ರಂದು, ಏರ್ ಕಮಡೋರ್ ಮೆಹರ್ ಸಿಂಗ್ ಡಕೋಟಾ ಒಂದನ್ನು ಲೇಹ್‌ನಲ್ಲಿ ಇಳಿಸಿದಾಗ. ಲಡಾಖಿನ ಎಂಜಿನಿಯರ್ ಸೋನಂ ನೋರ್ಬು ಅವರು ಊರಿನವರನ್ನು ಕೂಡಿಸಿಕೊಂಡು ಸಮ ಮಾಡಿಸಿದ್ದ ಕಚ್ಚಾ ಪಟ್ಟಿ ಅದು. ಎತ್ತರ ಸುಮಾರು 10,700 ಅಡಿ. ಆ ವಿಮಾನದಲ್ಲಿ ಪ್ರಯಾಣಿಕರಾಗಿ ಹೋದವರು ನಮ್ಮ ಕೊಡಗಿನ ಮೇಜರ್ ಜನರಲ್ ತಿಮ್ಮಯ್ಯ. ಮಡಿಕೇರಿಯ ಅವರ ಮನೆ ಈಗ ವಸ್ತುಸಂಗ್ರಹಾಲಯವಾಗಿದೆಯಲ್ಲ, ಅಲ್ಲಿಗೆ ಹೋದವರು ಈ ಪ್ರಯಾಣವನ್ನು ಒಮ್ಮೆ ನೆನೆಯಬೇಕು: ಒಳಗೆ ಗಾಳಿಯ ಒತ್ತಡವನ್ನು ಕಾಯ್ದುಕೊಳ್ಳುವ ಏರ್ಪಾಡಿಲ್ಲದ ವಿಮಾನ, ಸುತ್ತ ಅದಕ್ಕಿಂತ ಎತ್ತರದ ಹಿಮಶಿಖರಗಳು, ಕೆಳಗೆ ಯಾರೂ ಇಳಿದು ನೋಡಿಲ್ಲದ ಮರಳಿನ ಪಟ್ಟಿ.

ಹದಿನಾಲ್ಕು ವರ್ಷಗಳ ನಂತರ, 1962ರ ಜುಲೈ 23ರಂದು, ಸ್ಕ್ವಾಡ್ರನ್ ಲೀಡರ್ ಸಿ.ಕೆ.ಎಸ್. ರಾಜೆ ಪ್ಯಾಕೆಟ್ ವಿಮಾನವೊಂದನ್ನು ಕಾರಾಕೋರಂ ಕಣಿವೆಮಾರ್ಗದ ದಕ್ಷಿಣಕ್ಕಿರುವ ದೌಲತ್ ಬೇಗ್ ಓಲ್ಡಿಯಲ್ಲಿ ಇಳಿಸಿದರು. ಅದರ ಎತ್ತರ 16,600 ಅಡಿಗೂ ಮೇಲೆ. ಈ ಸಂಖ್ಯೆಯನ್ನು ಓದಿ ಮುಂದೆ ಹೋಗುವುದು ಸುಲಭ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದಲ್ಲಿರುವುದರ ಹತ್ತಿರ ಹತ್ತಿರ 60 ಶೇಕಡ ಮಾತ್ರ. ಗಾಳಿ ತೆಳುವಾದರೆ ಪಿಸ್ಟನ್ ಎಂಜಿನ್ನಿಗೆ ಉಸಿರು ಸಾಲದು, ಪ್ರೊಪೆಲರ್ ಕಚ್ಚಿ ಹಿಂದಕ್ಕೆ ತಳ್ಳಬೇಕಾದ ಗಾಳಿಯೇ ಸಾಲದು, ರೆಕ್ಕೆಗೆ ಆಸರೆಯೂ ಸಾಲದು. ಮೂರು ಕಡೆಯಿಂದಲೂ ಒಂದೇ ಸಲಕ್ಕೆ ಕೊರತೆ. ವಿಮಾನ ನೆಲ ಬಿಡಬೇಕಾದರೆ ಬಯಲಿನಲ್ಲಿ ಓಡುವುದಕ್ಕಿಂತ ಬಹಳ ದೂರ, ಬಹಳ ವೇಗವಾಗಿ ಓಡಬೇಕು. ಅಷ್ಟುದ್ದದ ಪಟ್ಟಿ ಅಲ್ಲಿ ಎಲ್ಲಿರಬೇಕು? ಬಿಸಿಲೇರಿದರೆ ಗಾಳಿ ಇನ್ನೂ ತೆಳುವಾಗುತ್ತದೆಂದು ಲಡಾಖಿನಲ್ಲಿ ಇಂದಿಗೂ ಹಾರಾಟದ ಕೆಲಸವನ್ನು ಆದಷ್ಟು ಬೆಳಿಗ್ಗೆಯೇ ಮುಗಿಸಿಕೊಳ್ಳುತ್ತಾರೆ. ಇಷ್ಟರ ಮೇಲೆ, ಓಡುತ್ತಿರುವಾಗಲೋ ಏರುತ್ತಿರುವಾಗಲೋ ಎರಡು ಎಂಜಿನ್‌ಗಳಲ್ಲಿ ಒಂದು ಕೈಕೊಟ್ಟರೆ, ಉಳಿದ ಒಂದರಿಂದ ತುಂಬಿದ ವಿಮಾನವನ್ನು ಎತ್ತಿಹಿಡಿಯುವುದು ಆ ಗಾಳಿಯಲ್ಲಿ ಆಗದ ಮಾತು. ಪ್ಯಾಕೆಟ್ಟಿನ ಎಂಜಿನ್, ರೈಟ್ ಕಂಪನಿಯ ಆರ್-3350, ಹದಿನೆಂಟು ಸಿಲಿಂಡರುಗಳನ್ನು ಎರಡು ಸುತ್ತಿನಲ್ಲಿ ನಕ್ಷತ್ರದಂತೆ ಜೋಡಿಸಿದ, 3,500 ಅಶ್ವಶಕ್ತಿಯ ದೈತ್ಯ. ಅದು ಬಲಶಾಲಿ ನಿಜ, ಅದರೊಂದಿಗೆ ಮಹಾ ಕೋಪಿಷ್ಠ ಕೂಡ. ಬೇಗ ಬಿಸಿಯಾಗುವುದಕ್ಕೂ ಎಣ್ಣೆ ಸೋರುವುದಕ್ಕೂ ಅದು ಹೆಸರಾಗಿತ್ತು.

ಅಪ್ಪ ನೋಡಲು ಹೇಳಿದ್ದ ವಸ್ತು ಇಲ್ಲಿ ಕತೆಯೊಳಗೆ ಬರುತ್ತದೆ. ವಿಮಾನದಿಂದ ಇಪ್ಪತ್ತು ಹೆಜ್ಜೆ ಹಿಂದಕ್ಕೆ ಸರಿದು ನೋಡಿದರೆ, ಒಡಲಿನ ನೆತ್ತಿಯಲ್ಲಿ, ರೆಕ್ಕೆಗಳೆರಡೂ ಸೇರುವ ಜಾಗದ ಮೇಲೆ, ಕಂಬಳಿ ಸುತ್ತಿ ಕಟ್ಟಿದ ಹಾಸಿಗೆಯಂತೆ ಒಂದು ಗೂಡು ಕೂತಿದೆ. ಹತ್ತಿರ ನಿಂತರೆ ಒಡಲೇ ಅಡ್ಡವಾಗಿ ಅದು ಕಾಣುವುದಿಲ್ಲ. ಎರಡು ಸಲ ಬಂದರೂ ನನ್ನ ಕಣ್ಣಿಗೆ ಬೀಳದೆ ಇದ್ದುದಕ್ಕೆ ನಾನು ಕೊಟ್ಟುಕೊಂಡ ಸಮಾಧಾನ ಇದು. ಆ ಗೂಡಿನೊಳಗಿರುವುದು ಮೂರನೆಯ ಎಂಜಿನ್, ಜೆಟ್ ಎಂಜಿನ್. ವಿಮಾನ ಮೇಲೇರುವಾಗ ಮತ್ತು ಅಪಾಯದ ಹೊತ್ತಿನಲ್ಲಿ ಮಾತ್ರ ಅದನ್ನು ಹೊತ್ತಿಸುತ್ತಾರೆ. ಸಮತಟ್ಟಾಗಿ ಹಾರುವಾಗ ಅದು ಬರಿಯ ಹೊರೆ. ಮೊದಲು ಅಮೆರಿಕದ ಸ್ಟೂವರ್ಡ್-ಡೇವಿಸ್ ಎಂಬ ಕಂಪನಿ ರೂಪಿಸಿದ, ವೆಸ್ಟಿಂಗ್‌ಹೌಸ್ ಜೆ-34 ಎಂಜಿನ್ನಿನ ಗೂಡನ್ನು ನಮ್ಮ ಪ್ಯಾಕೆಟ್‌ಗಳಿಗೆ ಕೂಡಿಸಿದರು. ಅದರ ತಳ್ಳುಬಲ 3,400 ಪೌಂಡ್. ಅನಂತರ ಅದಕ್ಕಿಂತ ಬಲವಾದ ಎಂಜಿನ್ನಿನ ಗೂಡನ್ನು ಬೆಂಗಳೂರಿನಲ್ಲೇ ಮಾಡಲಾಯಿತು. ಆ ಎಂಜಿನ್ನಿನ ಹೆಸರು ಆರ್ಫಿಯಸ್.

ಬ್ರಿಟನ್ನಿನ ಬ್ರಿಸ್ಟಲ್ ಕಂಪನಿಯ ಈ ಎಂಜಿನ್ನನ್ನು ಪರವಾನಗಿಯಡಿ ತಯಾರಿಸಲೆಂದೇ 1957ರಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಬೆಂಗಳೂರಿನಲ್ಲಿ ಎಂಜಿನ್ ಕಾರ್ಖಾನೆಯನ್ನು ಆರಂಭಿಸಿತ್ತು. (ಹಿಂದೂಸ್ಥಾನ್ ಏರೋನಾಟಿಕ್ಸ್ ಎಂಬ ಈಗಿನ ಹೆಸರು ಬಂದದ್ದು 1964ರಲ್ಲಿ, ಅಪ್ಪನ ತಲೆಮಾರಿನವರಿಗೆ ಅದು ಎಂದಿಗೂ ಬರಿಯ ‘ಫ್ಯಾಕ್ಟರಿ’.) ಆರ್ಫಿಯಸ್ ಚಿಕ್ಕ ಎಂಜಿನ್, ನಾನೂರು ಕಿಲೋಗಿಂತ ಕಡಿಮೆ ತೂಕ. ಏಳು ಹಂತದ ಕಂಪ್ರೆಸರ್, ಏಳು ಉರಿಯುವ ಕೊಳವೆಗಳು, ಒಂದೇ ಹಂತದ ಟರ್ಬೈನ್. ಆದರೂ ತಳ್ಳುಬಲ 4,500 ಪೌಂಡಿಗೂ ಹೆಚ್ಚು. ಅಪ್ಪ ಇದರ ಬಗ್ಗೆ ಮಾತಾಡುವಾಗಲೆಲ್ಲ ಬರುವುದು ಅದರ ನಡುವಿನ ಶಾಫ್ಟಿಗೆ. ಬೇರೆ ಎಂಜಿನ್‌ಗಳಲ್ಲಿ ಶಾಫ್ಟು ತೆಳ್ಳಗೆ ಉದ್ದವಾಗಿರುತ್ತದೆ, ನಡುವೆ ಬಾಗದಿರಲೆಂದು ಮಧ್ಯದಲ್ಲೊಂದು ಬೇರಿಂಗ್ ಕೊಡಬೇಕಾಗುತ್ತದೆ. ಆರ್ಫಿಯಸ್‌ನಲ್ಲಿ ಅದನ್ನು ದಪ್ಪನೆಯ, ಒಳಗೆ ಪೊಳ್ಳಾದ, ತೆಳುಗೋಡೆಯ ಕೊಳವೆಯನ್ನಾಗಿ ಮಾಡಿ ಎರಡೇ ಬೇರಿಂಗ್‌ಗಳ ಮೇಲೆ ಕೂರಿಸಿದ್ದಾರೆ. ಒಂದು ಬೇರಿಂಗ್ ಕಡಿಮೆಯಾಯಿತೆಂದರೆ ಅದಕ್ಕೆ ಎಣ್ಣೆ ಒಯ್ಯುವ ನಳಿಕೆಗಳು, ಅದನ್ನು ಹಿಡಿದು ನಿಲ್ಲಿಸುವ ಚೌಕಟ್ಟು, ಅದರ ತೂಕ, ಅದು ಕೆಡುವ ಸಾಧ್ಯತೆ ಎಲ್ಲವೂ ಕಡಿಮೆ. “ಬಿದಿರು ಯಾಕೆ ಬಾಗಿದರೂ ಮುರಿಯಲ್ಲ ಹೇಳು? ಒಳಗೆ ಏನೂ ಇಲ್ಲ ಅದಕ್ಕೆ” ಎಂದು ಅವರು ನಾನು ಹೈಸ್ಕೂಲಿನಲ್ಲಿದ್ದಾಗ ಊಟದ ಎಲೆಯ ಮುಂದೆ ಕೂತು ಬೆರಳಲ್ಲಿ ಬಿಡಿಸಿ ತೋರಿಸಿದ್ದರು. ಆಗ ಎಂಜಿನಿಯರಿಂಗ್ ಓದುವ ಬಯಕೆ ಹುಟ್ಟುವುದರ ಬದಲು ನನಗೆ ಸಾರು ಆರಿಹೋಗುತ್ತಿದೆಯೆಂಬ ಚಿಂತೆ ಹತ್ತಿತ್ತು.

ಅವರ ಕೆಲಸ ಹೊಸ ಎಂಜಿನ್ ಕಟ್ಟುವುದಲ್ಲ, ಓವರ್‌ಹಾಲ್. ಗೊತ್ತುಪಡಿಸಿದಷ್ಟು ತಾಸು ಓಡಿದ ಎಂಜಿನ್ ಮರಳಿ ಬಂದಾಗ ಅದನ್ನು ಕೊನೆಯ ತಿರುಪಿನವರೆಗೆ ಬಿಚ್ಚಿ, ತೊಳೆದು, ಬಿರುಕು ಹುಡುಕಿ, ಸವೆತ ಅಳೆದು, ತಾಳಿದ್ದನ್ನು ಇಟ್ಟುಕೊಂಡು, ತಾಳದ್ದನ್ನು ಬದಲಿಸಿ ಮತ್ತೆ ಕಟ್ಟಬೇಕು. ಇಂಚಿನ ಸಾವಿರದ ಒಂದು ಭಾಗಕ್ಕೆ ಫಿಟ್ಟರುಗಳು ‘ಥೌ’ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಬಾಗಿಲು ಚೌಕಟ್ಟಿಗೆ ತಗುಲಿದರೂ “ಹತ್ತು ಥೌ ಕೆರೆದ್ರೆ ಸಾಕು” ಎಂಬ ಮಾತೇ ಬರುತ್ತಿತ್ತು. ಕಂಪ್ರೆಸರಿನ ಒಂದೊಂದು ಬ್ಲೇಡನ್ನೂ ಅವರು ಉಗುರಿನ ಅಂಚಿನಿಂದ ಸವರಿ ನೋಡುತ್ತಿದ್ದರಂತೆ. ಕಣ್ಣಿಗೆ ಕಾಣದ ಕಚ್ಚು ಉಗುರಿಗೆ ಸಿಗುತ್ತದೆ. ಅವರ ಬಲಗೈ ಹೆಬ್ಬೆರಳಿನ ಉಗುರನ್ನು ಈಗಲೂ ಒಂದು ಓರೆಯಲ್ಲಿ ಕತ್ತರಿಸಿಕೊಳ್ಳುತ್ತಾರೆ. ನಿವೃತ್ತರಾಗಿ ಎರಡು ದಶಕ ಕಳೆದರೂ ಆ ಅಭ್ಯಾಸ ಬಿಟ್ಟಿಲ್ಲ.

ಪಾಲಂನ ಆವರಣದಲ್ಲಿ ನಿಂತಾಗ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಈ ಎಂಜಿನ್ನಿನ ನೆಂಟಸ್ತಿಕೆ. ಹ್ಯಾಂಗರಿನೊಳಗೆ, ಶಾಲಾ ಮಕ್ಕಳು ಮುತ್ತಿಕೊಂಡು ನಿಲ್ಲುವ ನ್ಯಾಟ್ ಎಂಬ ಪುಟ್ಟ ಯುದ್ಧವಿಮಾನ ಇದೆ. 1965ರ ಯುದ್ಧದಲ್ಲಿ ಪಾಕಿಸ್ತಾನದ ಸೇಬರ್ ವಿಮಾನಗಳನ್ನು ಹೊಡೆದು ಹೆಸರು ಮಾಡಿದ, ಬೆಂಗಳೂರಿನಲ್ಲಿ ತಯಾರಾದ ಆ ನ್ಯಾಟ್‌ನ ಒಡಲೊಳಗಿದ್ದದ್ದು ಆರ್ಫಿಯಸ್. ಅದರಾಚೆ ಇರುವ, ನಮ್ಮಲ್ಲೇ ರೂಪಿಸಿದ ಯುದ್ಧವಿಮಾನ ಮಾರುತ್, ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಮುಂದೆ ನಿಂತಿರುವ ವಿಮಾನದ ಜೊತೆಯದು. 1961ರ ಜೂನ್ 17ರಂದು ಸುರಂಜನ್ ದಾಸ್ ಮೊದಲು ಹಾರಿಸಿದ ಆ ವಿಮಾನದಲ್ಲಿ ಎರಡು ಆರ್ಫಿಯಸ್‌ಗಳು. ಮಾರುತ್‌ನ ಕತೆ ಬಲ್ಲವರೆಲ್ಲರೂ ಒಂದು ನಿಟ್ಟುಸಿರಿನೊಂದಿಗೆ ಹೇಳುವ ಮಾತೆಂದರೆ, ಅಂಥ ಚೆಲುವಾದ ವಿಮಾನಕ್ಕೆ ಈ ಎಂಜಿನ್ನಿನ ಬಲ ಸಾಲದೆ ಹೋಯಿತು ಎಂಬುದು. ಅದಕ್ಕೆಂದು ಯೋಚಿಸಿದ್ದ ಹೆಚ್ಚು ಬಲದ ಮಾದರಿ ಕೈಗೂಡಲಿಲ್ಲ. ಶಬ್ದದ ಎರಡು ಪಟ್ಟು ವೇಗದ ಆಸೆಯಿಂದ ಬಿಡಿಸಿದ ವಿಮಾನ ಶಬ್ದದ ವೇಗದ ಆಸುಪಾಸಿನಲ್ಲೇ ಉಳಿಯಿತು. ಅದೇ ಆರ್ಫಿಯಸ್ ಪ್ಯಾಕೆಟ್ಟಿನ ಬೆನ್ನೇರಿದಾಗ ಅದಕ್ಕೆ ಯಾರೂ ಕೊರತೆ ಹೇಳಲಿಲ್ಲ. ತೆಳುಗಾಳಿಯಲ್ಲಿ ಅದೂ ಸೊರಗುತ್ತದೆ ನಿಜ, ಆದರೆ ಒಂದು ಕಡೆಯ ಪಿಸ್ಟನ್ ಎಂಜಿನ್ ಕೆಮ್ಮತೊಡಗಿದಾಗ ಪೈಲಟ್ಟಿಗೆ ಬೇಕಾಗುವುದು ದಾಖಲೆಯ ವೇಗವಲ್ಲ, ಮುಂದಿನ ಗುಡ್ಡದ ನೆತ್ತಿಯನ್ನು ದಾಟಿಸುವಷ್ಟು ತಳ್ಳುಬಲ. ಎಂಜಿನ್‌ಗಳಿಗೂ ಸೇರಿದ ಮನೆಯಂತೆ ಯೋಗವಿರುತ್ತದೆ ಎಂದು ಅಪ್ಪ ಹೇಳುವುದುಂಟು. ನನ್ನ ಮಟ್ಟಿಗೆ ಆರ್ಫಿಯಸ್‌ನ ಒಳ್ಳೆಯ ಯೋಗ ಈ ಹಾರುವ ಡಬ್ಬಿಯ ಬೆನ್ನ ಮೇಲಿತ್ತು.

ಬೆಂಗಳೂರಿನ ಕೈಗೆಲಸ ಈ ಸಂಗ್ರಹಾಲಯದಲ್ಲಿ ಇನ್ನೊಂದು ಕಡೆಯೂ ಇದೆ. ಹ್ಯಾಂಗರಿನೊಳಗಿನ ಲಿಬರೇಟರ್ ಬಾಂಬರ್ ಎರಡನೆಯ ಮಹಾಯುದ್ಧ ಮುಗಿದಾಗ ಕಾನ್ಪುರದಲ್ಲಿ ಕೆಲಸಕ್ಕೆ ಬಾರದಂತೆ ಒಡೆದು ಬಿಟ್ಟುಹೋದ ವಿಮಾನಗಳ ಗುಂಪಿನದು. ಹಿಂದೂಸ್ಥಾನ್ ಏರ್‌ಕ್ರಾಫ್ಟ್‌ನವರು ನಲವತ್ತಕ್ಕೂ ಹೆಚ್ಚು ಲಿಬರೇಟರ್‌ಗಳನ್ನು ತೇಪೆ ಹಾಕಿ, ಬೆಂಗಳೂರಿಗೆ ಹಾರಿಸಿ ತಂದು, ವಾಯುಪಡೆಗೆ ಸಿದ್ಧಮಾಡಿ ಕೊಟ್ಟರು. ಅದರ ಮುಂದೆ ನಿಂತಾಗ ಬೇರೆಯವರು ಬಾಂಬುಗಳ ಬಗ್ಗೆ ಯೋಚಿಸುತ್ತಾರೆ, ನಾನು ತೇಪೆಗಳನ್ನು ಹುಡುಕುತ್ತೇನೆ.

ಪ್ಯಾಕೆಟ್ಟಿಗೆ ಮರಳೋಣ. ಇದರ ಬದುಕಿನ ದೊಡ್ಡ ದಿನ 1971ರ ಡಿಸೆಂಬರ್ 11. ಮೈಮನ್‌ಸಿಂಗ್ ಕಡೆಯಿಂದ ಢಾಕಾದತ್ತ ಹಿಂದೆ ಸರಿಯುತ್ತಿದ್ದ ಪಾಕಿಸ್ತಾನಿ ಬ್ರಿಗೇಡಿನ ದಾರಿಯನ್ನು ಕತ್ತರಿಸಲು, ತಂಗೈಲ್ ಬಳಿ, ಲೋಹಜಂಗ್ ನದಿಯ ಮೇಲಿನ ಪೂಂಗ್ಲಿ ಸೇತುವೆಯನ್ನು ಹಿಡಿಯಬೇಕಾಗಿತ್ತು. ಎರಡನೆಯ ಪ್ಯಾರಾಶೂಟ್ ಬೆಟಾಲಿಯನ್ನಿನ ಸುಮಾರು 700 ಮಂದಿಯನ್ನು, ಅವರ ಜೀಪು, ಫಿರಂಗಿಗಳ ಸಮೇತ, ಅಂದಿನ ಇಳಿಹೊತ್ತಿನಲ್ಲಿ ಆಕಾಶದಿಂದ ಇಳಿಸಿದರು. ಕಲೈಕುಂಡ ಮತ್ತು ದಮ್‌ದಮ್ ನೆಲೆಗಳಿಂದ ಹೊರಟ ಸುಮಾರು 50 ವಿಮಾನಗಳಲ್ಲಿ ಆಂಟೊನೊವ್-12, ಡಕೋಟಾ, ಕ್ಯಾರಿಬೂಗಳ ಜೊತೆ 20 ಪ್ಯಾಕೆಟ್‌ಗಳಿದ್ದವು. ಸಾಗಣೆ ವಿಮಾನಗಳ ಈ ಸಾಲು ಸಂಜೆಯ ಬೆಳಕಿನಲ್ಲಿ ಬರುತ್ತಿದ್ದುದನ್ನು ನೆನೆಸಿಕೊಳ್ಳಿ: ಒಂದೊಂದರದೂ ಒಂದೊಂದು ವೇಗ, ಒಂದೊಂದು ಹಾರಾಟದ ಗುಣ, ಆದರೂ ಎಲ್ಲವೂ ಒಂದೇ ಬಯಲಿನ ಮೇಲೆ ಗೊತ್ತಾದ ಹೊತ್ತಿಗೆ ಸೇರಬೇಕು. ಭಾರವಾದ ಸರಕನ್ನು ಹಿಂದಿನಿಂದ ಬೀಳಿಸಬೇಕಾದರೆ ಪ್ಯಾಕೆಟ್ಟಿನ ಆ ದೊಡ್ಡ ಚಿಪ್ಪು ಬಾಗಿಲುಗಳನ್ನು ಹಾರಾಟದಲ್ಲಿ ತೆರೆಯಲು ಬರುವುದಿಲ್ಲ. ಅವನ್ನು ನೆಲದ ಮೇಲೆಯೇ ಕಳಚಿಟ್ಟು, ಹಿಂಬದಿ ಬಯಲಾಗಿರುವ ವಿಮಾನವನ್ನು ಹಾರಿಸಿಕೊಂಡು ಹೋಗಬೇಕು. ಸೈನಿಕರು ಮಾತ್ರ ಜಿಗಿಯುವುದಾದರೆ, ಅದೇ ಬಾಗಿಲುಗಳಲ್ಲಿ ಕೊರೆದಿರುವ ಚಿಕ್ಕ ಬಾಗಿಲುಗಳು ಸಾಕು. ಅಂದು ರಾತ್ರಿಯೇ ಸೇತುವೆ ಭಾರತದ ಕೈಸೇರಿತು. ಐದು ದಿನಗಳ ನಂತರ, ಡಿಸೆಂಬರ್ 16ರಂದು, ಢಾಕಾ ಶರಣಾಯಿತು.

ಇದಾದ ಮೇಲೆ ಪ್ಯಾಕೆಟ್ ಇನ್ನೂ ಹನ್ನೆರಡು ಹದಿಮೂರು ವರ್ಷ ದುಡಿಯಿತು. 1984ರಿಂದ ಆಂಟೊನೊವ್-32 ವಿಮಾನಗಳು ಬರತೊಡಗಿದವು, ಎಂಬತ್ತರ ದಶಕದ ನಡುವಿನಲ್ಲಿ ಪ್ಯಾಕೆಟ್‌ಗಳು ಸೇವೆಯಿಂದ ಹೊರಬಿದ್ದವು. ಅರವತ್ತರ ದಶಕದ ನಡುವಿನಲ್ಲಿ ಬಳಕೆ ನಿಂತುಹೋಗಿದ್ದ ದೌಲತ್ ಬೇಗ್ ಓಲ್ಡಿಯ ಪಟ್ಟಿಯ ಮೇಲೆ 43 ವರ್ಷಗಳ ನಂತರ, 2008ರ ಮೇ 31ರಂದು, ಮತ್ತೆ ಗಾಲಿ ಊರಿದ್ದು ಆ ಆಂಟೊನೊವ್-32ನೇ. 2013ರ ಆಗಸ್ಟ್‌ನಲ್ಲಿ ಅಲ್ಲಿ ಸಿ-130ಜೆ ಇಳಿದಾಗ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ನಾಲ್ಕು ಟರ್ಬೊಪ್ರಾಪ್ ಎಂಜಿನ್ನುಗಳ ಆ ವಿಮಾನದ ಸಾಮರ್ಥ್ಯಕ್ಕೆ ತಲೆದೂಗುವಾಗಲೂ ನನ್ನ ಮನಸ್ಸು ಹೋಗುವುದು ಅರ್ಧ ಶತಮಾನದ ಹಿಂದೆ ಪಿಸ್ಟನ್ ಎಂಜಿನ್ನುಗಳನ್ನು ನಂಬಿ ಅಲ್ಲಿ ಇಳಿದ, ಅದಕ್ಕಿಂತ ಮುಖ್ಯವಾಗಿ ಅಲ್ಲಿಂದ ಮತ್ತೆ ಎದ್ದುಬಂದ ವಿಮಾನದ ಕಡೆಗೆ.

ಹತ್ತೂವರೆಯ ಹೊತ್ತಿಗೆ ಬಿಸಿಲು ಬಂದು ತಗಡು ಬೆಚ್ಚಗಾಯಿತು. ಒಂದು ಶಾಲೆಯ ಮಕ್ಕಳ ಸಾಲು ಹ್ಯಾಂಗರಿನಿಂದ ಹೊರಬಂದು ಪ್ಯಾಕೆಟ್ಟನ್ನು ಹಾದು ಹೋಯಿತು. ಒಬ್ಬ ಹುಡುಗ ನಿಂತು, “ಇದಕ್ಕೆ ಗನ್ ಇಲ್ವಾ?” ಎಂದು ಹಿಂದಿಯಲ್ಲಿ ಕೇಳಿದ, ಇಲ್ಲ ಎಂದೆ, ಅವನ ಆಸಕ್ತಿ ಅಲ್ಲಿಗೆ ಮುಗಿಯಿತು. ನಾನು ಅಪ್ಪನಿಗೆ ಫೋನ್ ಮಾಡಿದೆ.

“ಅಪ್ಪ, ನೋಡ್ದೆ. ನೀವು ಹೇಳಿದ್ದು ಸರಿ, ನೆತ್ತಿ ಮೇಲಿದೆ.”

“ಬಾಯಿ ಮುಚ್ಚಿದಾರಾ?”

ಗೂಡಿನ ಮುಂಭಾಗದ ಬಾಯಿಗೆ ಮುಚ್ಚಳ ಹಾಕಿತ್ತು. ಹೌದು ಎಂದೆ.

“ಒಳ್ಳೇದಾಯ್ತು. ಹಿಂದಗಡೆ? ಎಕ್ಸಾಸ್ಟ್ ಕಡೆ? ಮುಂದೆ ಮುಚ್ಚಿ ಹಿಂದೆ ಬಿಟ್ರೆ ಗೊರವಂಕ ಒಳಗೆ ಸೇರ್ಕೊಂಡು ಹುಲ್ಲೆಲ್ಲ ತುಂಬತ್ತೆ. ಹುಲ್ಲು ನೀರು ಹಿಡೀತು ಅಂದ್ರೆ ಟರ್ಬೈನ್ ಡಿಸ್ಕ್ ಕಥೆ ಮುಗೀತು. ಹೋಗಿ ನೋಡು, ನಾನು ಲೈನಲ್ಲೇ ಇರ್ತೀನಿ.”

ಫೋನನ್ನು ಕಿವಿಗೆ ಹಿಡಿದುಕೊಂಡೇ ಎರಡು ತೊಲೆಗಳ ನಡುವಿನ ನೆರಳನ್ನು ದಾಟಿ ವಿಮಾನದ ಹಿಂದಕ್ಕೆ ನಡೆದೆ. ಹಿಂಬದಿಯ ಬಾಗಿಲುಗಳಿಂದ ಸಾಕಷ್ಟು ದೂರ ಹೋಗಿ, ತುದಿಗಾಲಲ್ಲಿ ನಿಂತು, ಬಿಸಿಲಿಗೆ ಕೈ ಅಡ್ಡ ಹಿಡಿದು ನೋಡಿದೆ. ಅಲ್ಲಿಯೂ ಮುಚ್ಚಳವಿತ್ತು, ಆದರೆ ಒಂದು ಅಂಚಿನಲ್ಲಿ ಬೆರಳಗಲ ಸಂದು ಬಿಟ್ಟಿತ್ತು. ಅಪ್ಪನಿಗೆ ಹೇಳಿದೆ.

“ಬೆರಳಗಲ ಅಂದ್ರೆ ಎಷ್ಟು?” ಎಂದರು ಅವರು.